ಮೇಜು ತಟ್ಟದ ಜಾಗಗಳು

ಜುಲೈ 14

ದೊಡ್ಡಮ್ಮಾ,

ಭಾನುವಾರ ಫೋನಿನಲ್ಲಿ ನೀನು ‘ಊಟ ಆಯ್ತಾ’ ಅಂದೆ, ನಾನು ‘ಆಯ್ತು’ ಅಂದೆ. ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡು ಸುಮ್ಮನೆ ಕೂತೆವು. ಹಾಸ್ಟೆಲಿನಲ್ಲಿ ಚಾರ್ಜರಿಗೆ ಕಾಯುತ್ತಿದ್ದ ಹುಡುಗಿ, "ಲೈನ್ ಕಟ್ ಆಗಿದ್ರೆ ಜಾಗ ಬಿಡೇ ಮಾರಾಯ್ತಿ" ಅಂದಳು. ಅದಕ್ಕೇ ಇನ್ನು ಮೇಲೆ ಬರೆಯುತ್ತೇನೆ. ಕಾಗದದಲ್ಲಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಕನ್ನಡ ನೋಡಿ ಬೈಯಬೇಡ. ಆರನೇ ಕ್ಲಾಸಿಗೇ ಇಂಗ್ಲಿಷ್ ಹಾಸ್ಟೆಲಿಗೆ ಹಾಕಿದವರು ನೀನೂ ಅಮ್ಮನೂ, ನೀವಿಬ್ಬರೇ.

ಕಾಲೇಜು ಪರವಾಗಿಲ್ಲ. ಲ್ಯಾಬಿನಲ್ಲಿ ಗಿಡದ ಕಾಂಡವನ್ನು ಬ್ಲೇಡಿನಿಂದ ಕಾಗದಕ್ಕಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲಿಡಬೇಕು. ನನ್ನದು ದಪ್ಪ ಬರುತ್ತದೆ. ಮೇಡಂ ಎತ್ತಿ ನೋಡಿ, "ಏನಮ್ಮಾ, ಅಡುಗೆಗೆ ಹೆಚ್ಚಿದೀಯಾ?" ಅಂದರು. ಎಲ್ಲರೂ ನಕ್ಕರು. ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ರಾತ್ರಿ ಮಲಗಿದ ಮೇಲೆ ರೂಮಿನ ಬಾಗಿಲು ಹಾಕಿದೆನೋ ಇಲ್ಲವೋ ಅಂತ ಮಾತ್ರ ಪದೇಪದೇ ಎದ್ದು ಹೋಗಿ ನೋಡುತ್ತೇನೆ.

ರೂಮ್‌ಮೇಟ್‌ಗೆ ಎಲ್ಲರೂ ಇಸ್ತ್ರಿ ಅಂತ ಕರೆಯುತ್ತಾರೆ. ದಿಂಬಿನ ಕವರಿಗೂ ಇಸ್ತ್ರಿ ಹಾಕುವವಳು. ಶನಿವಾರ ಅವಳು ಬಟ್ಟೆ ಹಿಡಿದು ನಿಂತರೆ ನಾವೆಲ್ಲ ಸುತ್ತ ಕೂತು ಯಾವುದಾದರೂ ಪುಸ್ತಕ ಗಟ್ಟಿಯಾಗಿ ಓದಬೇಕು. ಈ ಸಲ ಸಿಕ್ಕಿದ್ದು ಆ ಕಾದಂಬರಿ. ಮದುವೆಯಾಗದ ಹೆಂಗಸು ಬಾಡಿಗೆ ಕೋಣೆ ಸಿಗಲೆಂದು, ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾನೆ ಅಂತ ಸುಳ್ಳು ಹೇಳಿ, ಒಂದು ಗಂಡಸರ ಅಂಗಿ ಕೊಂಡು ಪ್ರತಿ ವಾರ ಒಗೆದು ಹಗ್ಗಕ್ಕೆ ಹಾಕುತ್ತಾಳಲ್ಲ, ಅದೇ. ಪಕ್ಕದ ಮನೆಯವಳು, "ನಿಮ್ಮ ಯಜಮಾನರು ಎಂಥ ಸರಳ ಜೀವಿ, ಒಂದೇ ಅಂಗಿಯಲ್ಲಿ ಕಾಲ ಹಾಕ್ತಾರೆ" ಅಂದಾಗ ನಾಚಿಕೆಯಾಗಿ ಇನ್ನೊಂದು ಅಂಗಿ ತರುತ್ತಾಳೆ.

ಇಸ್ತ್ರಿ ನಕ್ಕು ನಕ್ಕು ಒಂದು ಕಾಲರ್ ಸುಟ್ಟಳು. ಮೂರನೇ ವರ್ಷದ ಒಬ್ಬಳಿದ್ದಾಳೆ, ನಾವು ಅಧ್ಯಕ್ಷೆ ಅನ್ನುತ್ತೇವೆ. ಅವಳು ಎದ್ದು ನಿಂತು, "ನಗ್ತೀರಲ್ಲ, ನಾಚಿಕೆ ಆಗಲ್ವಾ? ಒಂದು ಅಂಗಿ ಇಲ್ಲದೆ ಅವಳಿಗೆ ಕೋಣೆ ಸಿಗಲ್ಲ. ಇದು ಜೋಕಾ?" ಅಂದಳು. ಇಸ್ತ್ರಿ, "ಜೋಕ್ ಅಲ್ಲದಿದ್ರೆ ಓದೋಕೇ ಆಗ್ತಿರಲಿಲ್ಲ ಕಣೇ" ಅಂದಳು. ಈಗ ಹಾಸ್ಟೆಲಿನಲ್ಲಿ ಎರಡು ಪಾರ್ಟಿ. ಊಟಕ್ಕೂ ಬೇರೆ ಬೇರೆ ಬೆಂಚು. ನಾನು ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರುತ್ತೇನೆ.

ಹಸಿರು ರಟ್ಟಿನದೊಂದು ಪ್ರತಿ ನಮ್ಮ ಮನೆಯಲ್ಲೂ ಇತ್ತಲ್ಲ. ಅಮ್ಮನದು. ಈಗೆಲ್ಲಿದೆ?

ನಿನ್ನ
ಮಿಡತೆ


ಜುಲೈ 27

ಮಿಡತೆ,

ನಿನ್ನ ಕನ್ನಡಕ್ಕೇನೂ ಆಗಿಲ್ಲ. ಅಕ್ಷರ ಮಾತ್ರ ಓಡುವ ಬಸ್ಸಿನಲ್ಲಿ ನಿಂತು ಬರೆದ ಹಾಗಿದೆ.

ಪುಸ್ತಕ ನನ್ನ ಹತ್ತಿರವೇ ಇದೆ. ಏಪ್ರಿಲಿನಲ್ಲಿ ನಿನ್ನಮ್ಮ ಹೋದ ಮೇಲೆ ನಾನು ರಜೆ ಕೇಳಲಿಲ್ಲ. ಕೋಣೆಯಲ್ಲಿ ಕೂತು ಏನು ಮಾಡುವುದು? ಕಣ್ಣಿಲ್ಲದವರಿಗೆ ಪುಸ್ತಕ ಓದಿ ಕೇಳಿಸುವ ನಮ್ಮ ಧ್ವನಿ ಗ್ರಂಥಾಲಯದ ಮುಖ್ಯಸ್ಥರು ಒಂದು ದಿನ ಕರೆದು, "ಕೇಳುಗರು ಗಲಾಟೆ ಮಾಡ್ತಿದಾರೆ ಕಣಮ್ಮ. ನೀವು ಓದೋ ಪುಸ್ತಕದಲ್ಲೆಲ್ಲ ಯಾರಾದ್ರೂ ಒಬ್ಬರು ಸಾಯ್ತಾರೆ, ನಗಿಸೋದು ಒಂದಾದ್ರೂ ಕೊಡಿ ಅಂತಾರೆ. ನಿಮ್ಮನೇಲಿ ಅಂಥದ್ದು ಏನಾದ್ರೂ ಇದೆಯಾ?" ಅಂದರು. ಇದನ್ನೇ ಕೊಟ್ಟೆ. ಓದುವ ಕೆಲಸವೂ ನನಗೇ ಬಂತು.

ನಿನಗೆ ನನ್ನ ಕೆಲಸ ಯಾವತ್ತೂ ಸರಿಯಾಗಿ ಹೇಳಿಲ್ಲ ಅನ್ನಿಸುತ್ತದೆ. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆ. ವಾಚು, ಬಳೆ ತೆಗೆದಿಟ್ಟು ಒಳಗೆ ಹೋಗಬೇಕು. ಹಾಳೆ ತಿರುವುವಾಗ ಮಾತು ನಿಲ್ಲಿಸಬೇಕು. ತಪ್ಪು ಓದಿದರೆ ಮೇಜನ್ನು ಒಮ್ಮೆ ತಟ್ಟಿ, ವಾಕ್ಯವನ್ನು ಮೊದಲಿಂದ ಓದಬೇಕು. ಹೊರಗೆ ಕೂತ ಹುಡುಗ, ನಾವೆಲ್ಲ ಕತ್ತರಿ ಅನ್ನುವವನು, ಆ ತಟ್ಟು ಕಂಡಲ್ಲೆಲ್ಲ ಕತ್ತರಿಸಿ ಜೋಡಿಸುತ್ತಾನೆ. ತಟ್ಟಿಲ್ಲವೆಂದರೆ ಅವನು ಮುಟ್ಟುವುದಿಲ್ಲ. ಕೆಮ್ಮಿದರೂ ಹಾಗೇ ಬಿಡುತ್ತಾನೆ. ಹಿಂದೊಮ್ಮೆ ನನ್ನ ಕೆಮ್ಮನ್ನು ಮುದುಕನ ಪಾತ್ರದ ಕೆಮ್ಮು ಅಂದುಕೊಂಡು ಜನ ಮೆಚ್ಚಿದ್ದರು.

ಮುಖ್ಯಸ್ಥರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವರದು ಒಂದೇ ನಿಯಮ: ನಟಿಸಬಾರದು. "ಅಳೋದು ನಗೋದು ಕೇಳುವವರ ಕೆಲಸ. ನೀವು ಅದನ್ನೂ ಮಾಡಿಬಿಟ್ರೆ ಅವರಿಗೇನು ಉಳೀತು?" ಅನ್ನುತ್ತಾರೆ. ಈ ಸಲ ನನಗೆ ಅದು ಕಷ್ಟವಾಗಲಿಲ್ಲ. ಮೊದಲಿಂದ ಕೊನೆಯವರೆಗೆ ಓದಿದೆ. ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಹೊರಗೆ ಬಂದು ಬಳೆ ಹಾಕಿಕೊಂಡು ಬಸ್ಸು ಹತ್ತಿದೆ.

ನಿನ್ನಮ್ಮ ಅದನ್ನು ನನಗೆ ಓದಿ ಹೇಳುತ್ತಿದ್ದಳು. ನಾನು ಬಟ್ಟೆ ಮಡಚುತ್ತಾ, "ಇದರಲ್ಲಿ ನಗೋದೇನಿದೆ? ಮದುವೆಯಾಗದವರ ಪಾಡು ನಿನಗೆ ಹಲ್ಲು ಕಿರಿಯೋಕಾಯ್ತಾ?" ಅಂತ ಸಿಡುಕುತ್ತಿದ್ದೆ. ಅವಳು, "ಅಕ್ಕಾ, ಇವಳು ನೀನೇ ಕಣೇ, ಪಕ್ಕಾ ನೀನೇ" ಅಂತ ಮಂಚದ ಮೇಲೆ ಉರುಳಾಡುತ್ತಿದ್ದಳು.

ಇರಲಿ. ಚಳಿ ಶುರುವಾಗುವ ಮೊದಲು ಸ್ವೆಟರ್ ಕಳಿಸುತ್ತೇನೆ.

ದೊಡ್ಡಮ್ಮ


ಆಗಸ್ಟ್ 19

ದೊಡ್ಡಮ್ಮಾ,

ನಿನ್ನ ಓದನ್ನು ಕೇಳುವುದು ಹೇಗೆ? ಪ್ರತಿ ಕೊಡುತ್ತಾರಾ?

ಇಸ್ತ್ರಿ ನಿನ್ನ ಬಗ್ಗೆ ಕೇಳಿದಳು. "ನಿಮ್ಮ ದೊಡ್ಡಮ್ಮ ಯಾಕೆ ಮದುವೆ ಆಗಲಿಲ್ಲ?" "ಅವರಿಗೆ ಟೈಮ್ ಆಗಲಿಲ್ಲ" ಅಂದೆ. ಅಧ್ಯಕ್ಷೆ ಪಕ್ಕದ ಬೆಂಚಿನಿಂದ, "ಇಷ್ಟ ಇರಲಿಲ್ಲ ಅಂತ ಹೇಳೋಕೆ ನಿಂಗೇನು ರೋಗ?" ಅಂದಳು. ನನಗೆ ನಿಜವಾಗಿ ಗೊತ್ತಿಲ್ಲ. ಸುಳ್ಳು ಹೇಳಿದೆನಾ?

ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು ‘ಗಂಡಸರು ಯಾರಿದ್ದಾರೆ’ ಅಂತ ಕೇಳಿದ್ದಕ್ಕೆ ಅಮ್ಮ, "ಒಂದು ಹಲ್ಲಿ ಇದೆ, ಗಂಡೋ ಹೆಣ್ಣೋ ವಿಚಾರಿಸಿಲ್ಲ" ಅಂದಿದ್ದು ನೆನಪಿದೆಯಾ? ಆ ಕಥೆಯನ್ನು ಇಲ್ಲಿ ಹೇಳಿದೆ. ಎರಡು ಪಾರ್ಟಿಯವರೂ ನಕ್ಕರು. ‘ನಿಮ್ಮಮ್ಮ ಸೂಪರ್, ಒಂದ್ಸಲ ಕರ್ಕೊಂಡ್ ಬಾ’ ಅಂದರು. ಆಯ್ತು ಅಂದೆ.

ಯಾಕೆ ಹಾಗಂದೆ ಗೊತ್ತಿಲ್ಲ. ಬಾಯಿಗೆ ಅದೇ ಬಂತು.

ಮಿಡತೆ


ಸೆಪ್ಟೆಂಬರ್ 16

ಮಿಡತೆ,

ನೀನು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅಧ್ಯಕ್ಷೆ ಹೇಳಿದ್ದೂ ಅಷ್ಟೇ. ಅಮ್ಮನ ವಿಷಯ, ಕೇಳಿದವರಿಗೆ ಒಂದು ದಿನ ನೀನೇ ಹೇಳು. ಆತುರವೇನಿಲ್ಲ.

ಪ್ರತಿ ಕೊಡುವುದಿಲ್ಲ. ಕೇಳುಗರು ಒಂದು ನಂಬರಿಗೆ ಫೋನ್ ಮಾಡಿ, ಪುಸ್ತಕ ಆರಿಸಿ ಕೇಳುತ್ತಾರೆ. ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ನಾಲ್ಕು ಒತ್ತಿದರೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಬೇಗ ಕೇಳಿಬಿಡು, ಯಾಕೆಂದರೆ ಅದು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಕೇಳುಗರು ಯಾವ ಪುಸ್ತಕಕ್ಕೂ ಇಷ್ಟು ಬರೆದದ್ದಿಲ್ಲ. ಬೇರೆಯವರ ಕೈಲಿ ಬರೆಸಿ ಕಳಿಸುತ್ತಾರೆ. ಬಂದ ಕಾಗದವನ್ನೆಲ್ಲ ಮುಖ್ಯಸ್ಥರಿಗೆ ಯಾರಾದರೂ ಓದಿ ಹೇಳಬೇಕಲ್ಲ, ಮಧ್ಯಾಹ್ನದ ಪಾಳಿಯಲ್ಲಿ ಓದುವವಳು ನಾನೇ. ಹಾಗಾಗಿ ನನಗೆ ಬಂದ ಬೈಗುಳವನ್ನು ನಾನೇ, ನಟಿಸದೆ, ಗಟ್ಟಿಯಾಗಿ ಓದುತ್ತೇನೆ.

ಒಬ್ಬ ನಿವೃತ್ತ ಮೇಷ್ಟ್ರು: "ಹಾಸ್ಯ ಕಾದಂಬರಿ ಎಂದು ಹೇಳಿ ನನ್ನನ್ನು ಅಳಿಸಿದ್ದೀರಿ. ಇದು ಮೋಸ." ಮಾಲೀಶು ಮಾಡುವ ಕೆಲಸದ ಒಬ್ಬರು: "ಇಷ್ಟು ನಕ್ಕು ವರ್ಷಗಳಾಗಿತ್ತು. ಆಕೆ ಒಂದು ಚೂರೂ ನಗದೆ ಓದುವುದೇ ಮಜಾ. ಅಂಗಿ ಒಗೆಯುವಾಗ ಕಾಲರ್ ಕೊಳೆಯಾಗಿಲ್ಲವಲ್ಲ ಎಂದು ಅವಳು ಚಿಂತೆ ಮಾಡುವ ಜಾಗದಲ್ಲಿ ನನ್ನ ಗಿರಾಕಿಯೂ ನಕ್ಕು ಬೆನ್ನು ಉಳುಕಿಸಿಕೊಂಡ." ಒಬ್ಬ ಗೃಹಿಣಿ: "ಒಂಟಿ ಹೆಂಗಸರ ಬಗ್ಗೆ ಇಂಥ ಪುಸ್ತಕ ಬೇಕೇ? ಇದನ್ನು ಬರೆದವರು ಯಾರು, ಓದಿದವರು ಯಾರು, ಇಬ್ಬರಿಗೂ ಮದುವೆಯಾಗಿಲ್ಲ ಎಂದು ಕಾಣುತ್ತದೆ."

ಅದನ್ನು ಓದಿ ಮುಗಿಸಿದಾಗ ಮುಖ್ಯಸ್ಥರು, "ಅರ್ಧ ಸರಿ ಹೇಳಿದಾಳೆ ಬಿಡಿ" ಅಂದರು. "ಯಾವ ಅರ್ಧ ಸಾರ್?" ಅಂದೆ. "ಲೇಖಕಿ ಪರಿಚಯ ನಂಗಿಲ್ಲಮ್ಮ" ಅಂದರು.

ಆದರೆ ಅತ್ತವರು, ನಕ್ಕವರು, ಎರಡು ಪಾರ್ಟಿಯವರೂ ಒಂದು ದೂರು ಹೇಳುತ್ತಾರೆ. ನಡುನಡುವೆ ಓದು ನಿಂತುಹೋಗುತ್ತದಂತೆ. ಲೈನು ಕಟ್ಟಾಯಿತೆಂದು ಕೆಲವರು ಫೋನು ಇಟ್ಟುಬಿಡುತ್ತಾರಂತೆ. ಮೇಷ್ಟ್ರು ಅತ್ತಿದ್ದೂ ಅಲ್ಲೇ. ಮುಖ್ಯಸ್ಥರು ಕತ್ತರಿಯನ್ನು ಕರೆದು ಕೇಳಿದರು. "ಅಕ್ಕ ಮೇಜು ತಟ್ಟಿಲ್ಲ ಸಾರ್. ತಟ್ಟದೆ ನಾನು ಹೇಗೆ ಮುಟ್ಟಲಿ?" ಅಂದ ಅವನು. ಅವನ ಮಾತು ಸರಿ. ನಾನು ತಟ್ಟಿಲ್ಲ.

ಮುಂದಿನ ತಿಂಗಳು ತೀರ್ಮಾನ ಮಾಡುತ್ತಾರೆ. ಬೇಡವೆಂದಾದರೆ ಹೊಸದಾಗಿ ಸೇರಿದ ಗಿಳಿ ಮತ್ತೆ ಓದುತ್ತಾಳೆ. ಅವಳ ಹೆಸರು ಗಿಳಿಯಲ್ಲ, ಚಟಪಟ ಮಾತಾಡುತ್ತಾಳೆಂದು ಹಾಗೆ. ಒಂದು ಪುಸ್ತಕಕ್ಕೆ ಒಂದೇ ಧ್ವನಿ. ಹಳೆಯದನ್ನು ಅಳಿಸುತ್ತಾರೆ.

ದೊಡ್ಡಮ್ಮ


ಸೆಪ್ಟೆಂಬರ್ 24

ದೊಡ್ಡಮ್ಮಾ,

ಭಾನುವಾರ ನಿನಗೆ ಫೋನ್ ಮಾಡುವ ಬದಲು ಆ ನಂಬರಿಗೆ ಮಾಡಿದೆ. ನೀನೇ ಎತ್ತಿದ ಹಾಗಿತ್ತು. ಇಷ್ಟುದ್ದ ನೀನು ನನ್ನ ಹತ್ತಿರ ಯಾವತ್ತೂ ಮಾತಾಡಿಲ್ಲ. ಅಂಗಿಯ ಅಧ್ಯಾಯ ಮುಗಿಯುವಷ್ಟರಲ್ಲಿ ನಿದ್ದೆ ಬಂತು. ಇಲ್ಲಿಗೆ ಬಂದ ಮೇಲೆ ಬಾಗಿಲು ನೋಡಲು ಏಳದೆ ಮಲಗಿದ್ದು ಅದೇ ಮೊದಲು.

ಅಳಿಸಲು ಬಿಡಬೇಡ. ಪ್ಲೀಸ್. ಗಿಳಿಗೆ ಬೇರೆ ಪುಸ್ತಕ ಕೊಡಲಿ. ನೀನು ಜಗಳ ಮಾಡುವವಳಲ್ಲ ಅಂತ ಗೊತ್ತು, ನನಗೆ ಯೋಚನೆಯಾಗುತ್ತಿರುವುದು ಅದೇ. ಏನಾದರೂ ಮಾಡಬೇಕು. ಏನಾದರೂ ಮಾಡುತ್ತೇನೆ.

ಮಿಡತೆ


ಅಕ್ಟೋಬರ್ 11

ಮಿಡತೆ,

ಮೊನ್ನೆ ಮಧ್ಯಾಹ್ನ ಮುಖ್ಯಸ್ಥರಿಗೆ ಒಂದು ಕಾಗದ ಓದಿದೆ. ನಿನಗೂ ಒಪ್ಪಿಸುತ್ತೇನೆ, ಕೇಳು.

"ಮಾನ್ಯರೇ, ನಾನು ಎಪ್ಪತ್ತು ವರ್ಷದ ಅಂಧ ವೃದ್ಧೆ. ಆ ಕಾದಂಬರಿಯ ಓದು ಕೇಳಿ ನನಗೆ ಟೋಟಲಿ ಸಮಾಧಾನವಾಗಿದೆ. ದಯವಿಟ್ಟು ಆ ಧ್ವನಿಯನ್ನು ಚೇಂಜ್ ಮಾಡಬೇಡಿ. ಮಾಡಿದರೆ ನನಗೆ ನಿದ್ದೆ ಬರುವುದಿಲ್ಲ, ಇಂಟರ್ನಲ್ಸ್ ಬೇರೆ ಹತ್ತಿರ ಬಂದಿವೆ."

ಓಡುವ ಬಸ್ಸಿನ ಅಕ್ಷರ. ಲಕೋಟೆ ಒಡೆದಾಗಲೇ ಗೊತ್ತಾಯಿತು. ಆದರೆ ಓದಲು ಶುರು ಮಾಡಿದ್ದೆ, ನಿಲ್ಲಿಸುವಂತಿರಲಿಲ್ಲ.

ಮುಖ್ಯಸ್ಥರು ನಕ್ಕುಬಿಟ್ಟರು. ಆಮೇಲೆ, "ಎಪ್ಪತ್ತು ವರ್ಷದ ಅಜ್ಜಿಗೆ ಇಂಟರ್ನಲ್ಸಾ? ಯಾವ ಕಾಲೇಜಮ್ಮ?" ಅಂದರು. ಮತ್ತೆ ಅವರೇ, "ಓದುವಾಗ ನಿಮ್ಮ ಉಸಿರು ಬದಲಾಯ್ತು. ಮನೆಯವರಾ?" "ತಂಗಿ ಮಗಳು ಸಾರ್." "ಹೋದ್ರಲ್ಲ, ಆ ತಂಗೀದಾ?" "ಹೌದು."

ನಾಚಿಕೆಯಿಂದ ಸಾಯಬೇಕಿತ್ತು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಕಾಗದ ಮಡಚಿ ಮುಂದಿನದನ್ನು ತೆಗೆದೆ. ಇನ್ನೊಮ್ಮೆ ಹೀಗೆ ಮಾಡಬೇಡ. ಕಣ್ಣಿಲ್ಲದವರ ಹೆಸರಿನಲ್ಲಿ ಬರೆಯುವುದು ತಮಾಷೆಯಲ್ಲ. ಅವರೇ ನಕ್ಕರು ಅನ್ನುವುದು ಬೇರೆ ಮಾತು.

ಮುಂದಿನ ಕಾಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಹೆಂಗಸಿನದು. ಒಬ್ಬಳೇ ಇರುವವಳು. ಅವಳು ಬರೆಸಿದ್ದು ಇಷ್ಟೇ: "ಪುಸ್ತಕ ನನ್ನದೇ ಕಥೆ, ಆದ್ದರಿಂದ ನಗಲು ನನಗೆ ಹಕ್ಕಿದೆ. ಆದರೆ ನಗು ಬರುವ ಹೊತ್ತಿಗೆ ಓದು ನಿಲ್ಲುತ್ತದೆ. ಆಗ ಕೋಣೆಯಲ್ಲಿ ಇನ್ನೂ ಯಾರೋ ಇದ್ದಾರೆ ಅನ್ನಿಸುತ್ತದೆ. ಅವರು ನಕ್ಕು ಮುಗಿಸಲಿ ಎಂದು ಕಾಯುತ್ತೇನೆ. ಅಷ್ಟರಲ್ಲಿ ನನ್ನದು ಹೋಗಿಬಿಡುತ್ತದೆ."

ಅದನ್ನು ಓದಿದ ಮೇಲೆ ಮುಖ್ಯಸ್ಥರು ತೀರ್ಮಾನ ಹೇಳಿದರು. ಧ್ವನಿ ನನ್ನದೇ ಇರಲಿ, ನಿಂತ ಜಾಗಗಳನ್ನು ಕತ್ತರಿಸಬೇಕು. ನಾನು ಒಪ್ಪದಿದ್ದರೆ ಗಿಳಿ ಓದುತ್ತಾಳೆ. "ಬಲವಂತ ಇಲ್ಲ. ಯೋಚನೆ ಮಾಡಿ ಹೇಳಿ" ಅಂದರು. ಕತ್ತರಿಗೆ ಒಬ್ಬನಿಗೇ ಆಗುವುದಿಲ್ಲ, ಯಾವುದು ಉಸಿರು ಯಾವುದು ಅದು ಅಂತ ಪಕ್ಕದಲ್ಲಿ ಕೂತು ನಾನು ತೋರಿಸಬೇಕು.

ಇನ್ನೂ ಏನೂ ಹೇಳಿಲ್ಲ.

ದೊಡ್ಡಮ್ಮ


ಅಕ್ಟೋಬರ್ 20

ದೊಡ್ಡಮ್ಮಾ,

ಸಾರಿ. ಇಂಟರ್ನಲ್ಸ್ ಅಂತ ಬರೆದದ್ದು ನೆನಪೇ ಇಲ್ಲ. ಮೂರು ಸಲ ಕರಡು ಮಾಡಿದ್ದೆ.

ಪುಸ್ತಕ ಪೂರ್ತಿ ಕೇಳಿದೆ. ಮೊದಲು ನನಗೂ ಲೈನ್ ಹೋಯಿತು ಅಂತಲೇ ಅನ್ನಿಸಿತು. ಆಮೇಲೆ ಗೊತ್ತಾಯಿತು.

ಕಾದಂಬರಿಯ ಹೆಂಗಸು ಗಂಡಸಿನ ಹಾಗೆ ಕೆಮ್ಮಲು ಅಭ್ಯಾಸ ಮಾಡುವ ಕಡೆ ನೀನು ನಿಂತದ್ದು ಚಿಕ್ಕ ಜಾಗ. ಅಲ್ಲಿ ಅಮ್ಮ ಮೂಗಿನಲ್ಲಷ್ಟೇ ನಗುತ್ತಿದ್ದಳು. ಮಂಚದ ಅಂಗಡಿಯವನು ‘ಇನ್ನೊಂದು ಕಡೆ ಯಾರು ಮಲಗ್ತಾರೆ ಮೇಡಂ’ ಅಂತ ಕೇಳಿ, ಅವಳು ‘ಇಸ್ತ್ರಿ ಆಗದ ಬಟ್ಟೆ’ ಅನ್ನುವಲ್ಲಿ ಅದಕ್ಕಿಂತ ದೊಡ್ಡದು. ಅಲ್ಲಿ ಅಮ್ಮ ಪುಸ್ತಕವನ್ನು ಎದೆಯ ಮೇಲೆ ಮಗುಚಿ ಇಟ್ಟುಕೊಳ್ಳುತ್ತಿದ್ದಳಲ್ಲ. ಸುಳ್ಳು ಹೇಳಿ ಹೇಳಿ ಸಾಕಾಗಿ, ಗಂಡ ಸಮುದ್ರದಲ್ಲಿ ತೀರಿಹೋದ ಅಂತ ಅವಳು ಸಾರುವ ಕಡೆ, ಇಡೀ ಬೀದಿ ಬಂದು ಅಂಗಿ ಹಿಡಿದು ಅಳುತ್ತದೆ, ಅವಳೊಬ್ಬಳಿಗೆ ಅಳು ಬರುವುದಿಲ್ಲ. ಪಕ್ಕದ ಮನೆಯವಳು, "ಅಳಮ್ಮಾ, ಅತ್ತುಬಿಡು, ನಾನು ಅವರನ್ನ ನೋಡದೇನೇ ಇಷ್ಟು ಅಳ್ತಿದೀನಿ" ಅನ್ನುತ್ತಾಳೆ. ಅಲ್ಲಿ ನೀನು ಎಷ್ಟು ಹೊತ್ತು ಬಿಟ್ಟಿದ್ದೀಯ! ಅಮ್ಮ ಅಲ್ಲಿ ನಕ್ಕು ನಕ್ಕು ಮಂಚದಿಂದ ಕೆಳಗೆ ಬಿದ್ದಿದ್ದಳು. ನೀರು ಕುಡಿಸಿದ್ದು ನಾನು.

ನೀನು ಬೇಕೆಂದೇ ಬಿಟ್ಟೆಯಾ, ಅಥವಾ ತಾನಾಗಿ ಆಯಿತಾ? ಹೇಳದಿದ್ದರೂ ಪರವಾಗಿಲ್ಲ.

ಕತ್ತರಿಸಬೇಡ. ಗಿಳಿ ಓದಿದರೂ ಅದು ಹೋಗುತ್ತದೆ, ಕತ್ತರಿಸಿದರೂ ಹೋಗುತ್ತದೆ, ನನಗೆ ಗೊತ್ತು. ಆದರೂ ಅವರೇ ತೆಗೆದರೆ ಒಂದು, ನೀನು ಪಕ್ಕದಲ್ಲಿ ಕೂತು ಇಲ್ಲಿ, ಇಲ್ಲಿ ಅಂತ ತೋರಿಸಿದರೆ ಇನ್ನೊಂದು. ಅಮ್ಮನ ಸೀರೆಗಳನ್ನು ಕೊಟ್ಟಾಗಲೂ ನೀನು ಹೀಗೇ ಲಕ್ಷಣವಾಗಿ ಮಡಚಿ ಕೊಟ್ಟೆ.

ಈ ಸಾಲನ್ನು ಹೊಡೆದು ಹಾಕೋಣ ಅಂದುಕೊಂಡೆ. ಬೇಡ, ಇರಲಿ.

ಮಿಡತೆ


ನವೆಂಬರ್ 8

ಮಿಡತೆ,

ಸ್ವೆಟರ್ ತಲುಪಿತೇ? ತೋಳು ಉದ್ದವಾದರೆ ಮಡಚಿಕೋ.

ಕತ್ತರಿಸಿದೆವು. ಕೆಲಸಕ್ಕೆ ಒಂದು ವಾರ ಹಿಡಿಯಿತು. ಕತ್ತರಿ ಪರದೆಯ ಮೇಲೆ ನನ್ನ ಧ್ವನಿಯನ್ನು ತೋರಿಸಿದ. ಗೀಚಿದ ಹಾಗೆ ಏರಿಳಿತ, ಮಧ್ಯೆ ನೆಟ್ಟಗೊಂದು ಗೆರೆ. "ಇದಾ ಅಕ್ಕಾ?" ಅನ್ನುತ್ತಿದ್ದ. "ಅದು ಉಸಿರು, ಇರಲಿ. ಮುಂದಿನದು" ಅನ್ನುತ್ತಿದ್ದೆ. ಒಂದು ಕಡೆ ಅವನೇ, "ಇದು ತುಂಬ ಉದ್ದ ಇದೆ ಅಕ್ಕಾ, ಆವತ್ತು ನಿಮಗೆ ಹುಷಾರಿರಲಿಲ್ವಾ?" ಅಂದ. "ಇಲ್ಲ, ಹುಷಾರಾಗೇ ಇದ್ದೆ" ಅಂದೆ.

ಬೇಕೆಂದೇ ಬಿಟ್ಟೆಯಾ ಅಂತ ಕೇಳಿದ್ದೀಯ. ಓದುವಾಗ ನನಗೆ ಗೊತ್ತಿರಲಿಲ್ಲ. ನಿನ್ನಮ್ಮ ಓದಿ ಹೇಳುವಾಗ ಅವಳ ನಗು ಮುಗಿಯುವವರೆಗೂ ನಾನು ಕಾಯಬೇಕಿತ್ತಲ್ಲ, ಮುಂದಿನ ವಾಕ್ಯ ಬರುತ್ತಿದ್ದುದೇ ಆಮೇಲೆ. ನನಗೆ ಆ ಪುಸ್ತಕ ಗೊತ್ತಿದ್ದದ್ದೇ ಹಾಗೆ. ಹಾಗೇ ಓದಿದೆ. ಮೇಜು ತಟ್ಟಲು ಅದು ತಪ್ಪು ಅಂತ ಅನ್ನಿಸಬೇಕಲ್ಲ.

ಸೀರೆ ಮಡಚಿ ಕೊಟ್ಟೆ, ನಿಜ. ಮಡಚದೆ ಹೇಗೆ ಕೊಡುವುದು ಅಂತ ನನಗೆ ತಿಳಿಯಲಿಲ್ಲ.

ಎಕ್ಸ್‌ಚೇಂಜಿನ ಆ ಹೆಂಗಸು ದಿನವಿಡೀ ಬೇರೆಯವರ ಮಾತನ್ನು ಜೋಡಿಸಿ, ಮನೆಗೆ ಹೋಗಿ, ಒಬ್ಬಳೇ ಫೋನು ಹಿಡಿದು ಕೂರುತ್ತಾಳೆ. ಅವಳಿಗೆ ನಗು ಬರುತ್ತದೆ. ನಿನ್ನಮ್ಮ ಮುಗಿಸಲಿ ಅಂತ ಅವಳು ಕಾಯಬೇಕಾ? ನಿನ್ನಮ್ಮನಿಗೆ ಗೊತ್ತಾಗಿದ್ದರೆ, "ಅಯ್ಯೋ, ನಂಗ್ಯಾಕೆ ಕಾಯ್ತೀರ, ನಗ್ರೀ" ಅನ್ನುತ್ತಿದ್ದಳು. ನಾನು ಯೋಚನೆ ಮಾಡಿದ್ದು ಇಷ್ಟೇ. ಇದು ನಿನಗೆ ಸಾಲದು ಅಂತ ಗೊತ್ತು.

ಮನೆಗೆ ಬಂದು ಅಡುಗೆ ಮಾಡಿದೆ. ಉಪ್ಪು ಹೆಚ್ಚಾಗಿತ್ತು, ತಿಂದೆ.

ದೊಡ್ಡಮ್ಮ


ಡಿಸೆಂಬರ್ 17

ದೊಡ್ಡಮ್ಮಾ,

ತುಂಬ ದಿನ ಬರೆಯಲಿಲ್ಲ. ಕೋಪವಿತ್ತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಇರಲಿಲ್ಲ. ಪರೀಕ್ಷೆ ಬರೆದೆ, ಸ್ವೆಟರ್ ಹಾಕಿಕೊಂಡೆ. ‘ನಿಮ್ಮಮ್ಮ ಯಾವಾಗ ಬರ್ತಾರೆ’ ಅಂತ ಇಸ್ತ್ರಿ ಮತ್ತೆ ಕೇಳಿದಾಗ ಹೇಳಿಬಿಟ್ಟೆ. ಅವಳು ನನ್ನ ಬಟ್ಟೆಯನ್ನೆಲ್ಲ ತೆಗೆದುಕೊಂಡು ಹೋಗಿ ಇಸ್ತ್ರಿ ಮಾಡಿ ತಂದಿಟ್ಟಳು, ಸಾಕ್ಸನ್ನೂ.

ಹಳೆಯ ಓದನ್ನು ಮೊದಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬಹುದಿತ್ತು ಅಂತ ಅವಳೇ ಹೇಳಿದಳು. ನನಗೂ ಹೊಳೆದಿತ್ತು. ಮಾಡಲಿಲ್ಲ. ಯಾಕೆ ಅಂತ ಕೇಳಬೇಡ.

ಹೊಸದನ್ನು ಕೇಳಬಾರದು ಅಂದುಕೊಂಡಿದ್ದೆ. ನಿನ್ನೆ ಎಲ್ಲರೂ ಊರಿಗೆ ಹೊರಟು ಹಾಸ್ಟೆಲ್ ಖಾಲಿಯಾಯಿತು, ಮಧ್ಯಾಹ್ನ ಸುಮ್ಮನೆ ಫೋನ್ ಮಾಡಿದೆ. ಎಲ್ಲಿ ಕತ್ತರಿಸಿದ್ದೀರಿ ಅಂತ ಕಂಡುಹಿಡಿಯಲು ಕಿವಿ ಕೊಟ್ಟು ಕೂತೆ. ಸಿಗಲಿಲ್ಲ. ಕತ್ತರಿ ಒಳ್ಳೆಯ ಕೆಲಸಗಾರ. ಕೆಮ್ಮು ಹೋಯಿತು, ಮಂಚ ಹೋಯಿತು. ನಿನ್ನ ಧ್ವನಿ ನಿಲ್ಲದೆ ಹೋಗುತ್ತಲೇ ಇತ್ತು.

ಆಮೇಲೆ ಬೀದಿಯವರೆಲ್ಲ ಬಂದು ಅಳುವ ಅಧ್ಯಾಯ. ‘ನಾನು ಅವರನ್ನ ನೋಡದೇನೇ ಇಷ್ಟು ಅಳ್ತಿದೀನಿ’ ಅಂತ ನೀನು ಸಪ್ಪಗೆ ಓದಿದೆ. ನನಗೆ ನಗು ಬಂತು. ಜೋರಾಗಿಯೇ ಬಂತು, ಖಾಲಿ ಕಾರಿಡಾರಿನಲ್ಲಿ ಯಾರದೋ ನಗುವಿನ ಹಾಗೆ ಕೇಳಿಸಿತು. ನೀನು ಕಾಯಲಿಲ್ಲ. ಓದುತ್ತಾ ಮುಂದೆ ಹೋಗಿಬಿಟ್ಟಿದ್ದೆ. ಆ ಹೆಂಗಸು ಅವರಿಗೆಲ್ಲ ಏನು ಉತ್ತರ ಕೊಟ್ಟಳು ಅನ್ನುವುದೇ ನನಗೆ ಕೇಳಿಸಲಿಲ್ಲ, ಮೊದಲು ಕೇಳಿದ್ದೂ ನೆನಪಿಗೆ ಬರಲಿಲ್ಲ.

ನಾಲ್ಕು ಒತ್ತಿದೆ. ಆ ವಾಕ್ಯವೇ ಮತ್ತೆ ಬಂತು, ಮತ್ತೆ ನಕ್ಕೆ, ಮತ್ತೆ ತಪ್ಪಿತು. ಸುಮಾರು ಹೊತ್ತು ಹೀಗೇ ಆಯಿತು.

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಅವಳ ಉತ್ತರ ಏನು ಅಂತ ಆಗ ನೀನೇ ಓದಿ ಹೇಳು.

ನಿನ್ನ
ಮಿಡತೆ